ಚೀಟಿ ಓದುವ ಕೆಲಸ

ಮಾರ್ಚ್ ೪, ಮಂಗಳವಾರ

ಅಂತೂ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಹೊಸ ಸಾಫ್ಟ್‌ವೇರ್ ಹಾಕಿದೆ. ನಾನೇ ಹಾಕಿದೆ. ಈ ಮನೆಯ ಯಂತ್ರಗಳಿಗೆ ಬೇರೆಯವರ ಕೈ ಸೋಕಿಸುವುದಿಲ್ಲ. ಹಳೆಯ ಸಾಫ್ಟ್‌ವೇರ್ ತಿಂಗಳಿಂದ ಮುಗ್ಗರಿಸುತ್ತಿದ್ದು ಮೊನ್ನೆ ಪೂರ್ತಿ ಕೈಕೊಟ್ಟಿತು. ಕಂಪ್ಯೂಟರ್ ಅಂಗಡಿಯವನು ಒಂದು ಪೆನ್‌ಡ್ರೈವ್ ಕೊಟ್ಟು, ಇದು ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿಗೂ ಜೀವ ಬರುತ್ತದೆ ಎಂದಿದ್ದ. ಹೊಲಿಗೆ ಯಂತ್ರಗಳ ರಿಪೇರಿಯಲ್ಲೇ ತಲೆ ನೆರೆತವನಿಗೆ ಇದೇನು ಮಹಾ ಎಂದುಕೊಂಡೆ. ಮೊದಲು ಬೆನ್ನಿನ ಮುಚ್ಚಳ ಬಿಚ್ಚಿ, ಅಲ್ಲಲ್ಲಿ ವೈರು ಸರಿಸಿ, ಬ್ರಷ್ ಆಡಿಸಿ ಧೂಳು ಊದಿದೆ. ಕೊಳೆ ತುಂಬಿದ ಯಂತ್ರಕ್ಕೆ ಹೊಸ ನೂಲು ಏರಿಸುವ ಪದ್ಧತಿ ನಮ್ಮ ಕಸುಬಿನಲ್ಲಿಲ್ಲ. ಆಮೇಲೆ ಅಂಗಡಿಯವನು ಹೇಳಿದಂತೆ ಒಂದೊಂದೇ ಒತ್ತುತ್ತ ಹೋದೆ.

ಪರದೆ ಬಂತು, ಬಣ್ಣ ಬಂತು, ಕನ್ನಡದ ಟೈಪಿಂಗೂ ಬಂತು. ವೈ-ಫೈ ಬರಲಿಲ್ಲ. ಸದ್ದು ಬರಲಿಲ್ಲ. ಸೆಟ್ಟಿಂಗಿನಲ್ಲಿ ಸ್ಪೀಕರಿನ ಹೆಸರು ಇರಬೇಕಾದ ಕಡೆ ‘ಡಮ್ಮಿ ಔಟ್‌ಪುಟ್’ ಎಂದು ಬರೆದಿದೆ. ಅಂದರೆ ಒಳಗೆ ಸ್ಪೀಕರ್ ಇರುವುದೇ ಇದಕ್ಕೆ ಗೊತ್ತಿಲ್ಲ.

ವೈ-ಫೈ ಹಾಳಾಗಲಿ, ಸದ್ದಿಲ್ಲದಿದ್ದರೆ ನಡೆಯುವುದಿಲ್ಲ. ಹೋದ ವರ್ಷ ಗಂಟಲಿನ ಆಪರೇಷನ್ನಿನಲ್ಲಿ ನನ್ನ ಹೆಂಡತಿಯ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಗಿನಿಂದ ಇವಳ ಬಾಯಿ ಎಂದರೆ ಈ ಲ್ಯಾಪ್‌ಟಾಪು. ಇವಳು ಟೈಪು ಮಾಡಿದ್ದನ್ನು ಅದು ಗಟ್ಟಿಯಾಗಿ ಓದುತ್ತದೆ. ಕೆಳಗೆ ಇವಳು ನಡೆಸುವ ಹೊಲಿಗೆ ಕೋಣೆಯ ಹೆಂಗಸರನ್ನು ಬೈಯುವುದರಿಂದ ಹಿಡಿದು ಆಸ್ಪತ್ರೆಯ ಫೋನಿಗೆ ಉತ್ತರ ಕೊಡುವವರೆಗೆ ಎಲ್ಲ ಅದರಲ್ಲೇ.

ಸಂಜೆಯೊಳಗೆ ಸರಿ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಬಟ್ಟೆ ಕತ್ತರಿಸುವ ಪ್ಯಾಟ್ರನ್ ಕಾಗದದ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಮುಂದೆ ತಳ್ಳಿದಳು: “ಯಾವ ಸಂಜೆ ಅಂತ ಕೇಳಲ್ಲ ಬಿಡಿ.” ಗಂಟಲು ಹೋದರೂ ನಾಲಿಗೆ ಹೋಗಿಲ್ಲ.

ಮಾರ್ಚ್ ೫, ಬುಧವಾರ

ಅಂಗಡಿಯವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಲ್ಯಾಪ್‌ಟಾಪಿನೊಳಗೆ ಒಂದೊಂದು ಭಾಗ ಒಂದೊಂದು ಕಂಪನಿಯದಂತೆ. ಒಂದೊಂದನ್ನೂ ನಡೆಸಲು ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಮ್ ಬೇಕಂತೆ. ಕೆಲವಕ್ಕೆ ಅದರ ಮೇಲೆ ಕಂಪನಿಯವರೇ ಕೊಡುವ ಇನ್ನೊಂದು ಫೈಲೂ ಬೇಕು, ಅದು ಪೆನ್‌ಡ್ರೈವಿನಲ್ಲಿ ಬಂದಿಲ್ಲ, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಎಂದ. ಅರ್ಥವಾಯಿತು. ಒಂದು ಕಂಪನಿಯ ಬಾಬಿನ್ ಕೇಸು ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲವಲ್ಲ, ಹಾಗೆ. ಆದರೆ ಇಂಟರ್ನೆಟ್ಟಿಗೆ ವೈ-ಫೈ ಬೇಕು, ವೈ-ಫೈಗೆ ಡ್ರೈವರ್ ಬೇಕು, ಡ್ರೈವರಿಗೆ ಇಂಟರ್ನೆಟ್ ಬೇಕು. ಇದನ್ನು ಮಾಡಿದ ಪುಣ್ಯಾತ್ಮ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ.

ಮೊಬೈಲನ್ನು ಕೇಬಲಿನಲ್ಲಿ ಜೋಡಿಸಿ ಅದರ ನೆಟ್ಟನ್ನೇ ಕೊಡಬಹುದಂತೆ. ಮನೆಯಲ್ಲಿದ್ದ ಕೇಬಲು ಬರೀ ಚಾರ್ಜ್ ಆಗುವಂಥದ್ದು. ಹೊಸದು ತರಬೇಕು.

ಅಲ್ಲಿಯವರೆಗೆ ಮೊಬೈಲಿನಲ್ಲೇ ಓದಿ ಹೇಳುವ ಆ್ಯಪ್ ಇದೆ ಎಂದ. ಹಾಕಿಕೊಟ್ಟೆ. ಇವಳದು ಸೂಜಿ ಹಿಡಿದು ಗಟ್ಟಿಯಾದ ಬೆರಳು. ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಬೀಳುತ್ತದೆ. ಸ್ವಲ್ಪ ಹೊತ್ತು ಒದ್ದಾಡಿ ಮೊಬೈಲನ್ನು ನನ್ನ ಮಡಿಲಿಗೆ ಎಸೆದಳು. ಚೀಟಿಯೇ ವಾಸಿ. ಅವಳು ಬರೆಯುವುದು, ನಾನು ಗಟ್ಟಿಯಾಗಿ ಓದುವುದು ಎಂದು ಒಪ್ಪಂದವಾಗಿದೆ.

ಮಾರ್ಚ್ ೬, ಗುರುವಾರ

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಗುರುವಾರ ಫೋನು ಮಾಡುತ್ತಾರೆ. ಅದು ಆಸ್ಪತ್ರೆಯ ಲ್ಯಾಂಡ್‌ಲೈನು. ಮೆಸೇಜು ಗಿಸೇಜಿಗೆ ಅಲ್ಲಿ ಜಾಗವಿಲ್ಲ. ಸ್ಪೀಕರ್ ಹಾಕಿ ನಡುವೆ ಇಟ್ಟುಕೊಂಡು ಕೂತೆವು.

ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಕಾಣಿಸಿಕೊಂಡಿದೆ. ಈ ಸಲ ಪಕ್ಕಕ್ಕೂ ಹಬ್ಬಿದೆ.

ಇದನ್ನು ಬರೆಯಲು ಇಷ್ಟು ಹೊತ್ತು ಬೇಕಾಯಿತು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. ಗುಣವಾಗುತ್ತದೆ ಎಂದು ಹೇಳಲಾರೆ, ಆದರೆ ಹೋದ ಸಲದ ಔಷಧಿಯನ್ನೇ ಇನ್ನೊಂದು ಸುತ್ತು ಕೊಟ್ಟರೆ ಸ್ವಲ್ಪ ಕಾಲ ಸಿಗಬಹುದು, ಅಲ್ಲೇ ದಾಖಲಾಗಿರಬೇಕು, ಅಮ್ಮ ಏನು ಹೇಳುತ್ತಾರೆ ಎಂದು ಕೇಳಿದರು. ಇವಳು ಆಗಲೇ ಬರೆಯತೊಡಗಿದ್ದಳು. ಯೋಚನೆಯನ್ನೂ ಮಾಡಲಿಲ್ಲ. ಚೀಟಿಯಲ್ಲಿ ಇದ್ದದ್ದು: “ಬೇಡ. ಹೋದ ಸಲ ಆ ಔಷಧಿಗೆ ಬೆರಳು ಸತ್ತುಹೋಗಿತ್ತು. ಇರೋಷ್ಟು ದಿನ ಹೊಲಿದುಕೊಂಡು ಇರ್ತೀನಿ.”

ಯಾರಾದರೂ ಕೇಳಿದ ಕ್ಷಣದಲ್ಲಿ ಉತ್ತರ ಕೊಡುತ್ತಾರೆಯೇ ಇಂಥದ್ದಕ್ಕೆ? “ಸ್ವಲ್ಪ ಯೋಚನೆ ಮಾಡಿ ಹೇಳ್ತಾಳಂತೆ” ಎಂದೆ. ಅವಳು ಅಳತೆಯ ಮರದ ಸ್ಕೇಲಿನಿಂದ ಮೇಜಿನ ಮೇಲೆ ಹೊಡೆದಳು. ಆಗಲಿ, ಮುಂದಿನ ಗುರುವಾರ ಹೇಳಿ ಎಂದು ಡಾಕ್ಟರಮ್ಮ ಫೋನಿಟ್ಟರು.

ಆಮೇಲೆ ಕಣ್ಣಲ್ಲೇ ನನ್ನನ್ನು ಸುಟ್ಟಳು. ಬೇಸರದಲ್ಲಿ ಬರೆದದ್ದನ್ನು ಹಾಗ್ಹಾಗೇ ಓದಲಾಗುತ್ತದೆಯೇ ಎಂದೆ. ಅವಳ ಒಳ್ಳೆಯದಕ್ಕೇ ತಾನೆ.

ಮಾರ್ಚ್ ೮, ಶನಿವಾರ

ಹೊಸ ಕೇಬಲು ಬಂತು, ಮೊಬೈಲಿನ ನೆಟ್ಟು ಹತ್ತಿತು. ವೈ-ಫೈ ಡ್ರೈವರ್ ಇಳಿಸಿದೆ, ಅದು ಕೂಡಲೇ ಎದ್ದು ಕೂತಿತು. ಸದ್ದಿಗೆ ಬೇಕಾದ ಫೈಲನ್ನೂ ಹುಡುಕಿ ಹಾಕಿ ಲ್ಯಾಪ್‌ಟಾಪು ಆರಿಸಿ ಹಚ್ಚಿದೆ. ಡಮ್ಮಿ ಔಟ್‌ಪುಟ್ ಹೋಗಿ ಸೌಂಡ್ ಕಾರ್ಡಿನ ನಿಜವಾದ ಹೆಸರು ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಒಂದು ಹಾಡು ಹಚ್ಚಿದೆ. ಪರದೆಯ ಮೇಲೆ ಹಸಿರು ಪಟ್ಟಿ ಕುಣಿಯುತ್ತದೆ, ಕಿವಿಗೆ ಏನೂ ಇಲ್ಲ. ಅಂಗಡಿಯವನಿಗೆ ಫೋನು ಮಾಡಿದೆ. ಕಮಾಂಡು ಬರೆಯುವ ಕಪ್ಪು ಕಿಟಕಿಯಲ್ಲಿ ಸದ್ದು ಹೆಚ್ಚು ಕಡಿಮೆ ಮಾಡುವ ಮಿಕ್ಸರ್ ತೆರೆದು, ಕೆಳಗೆ ‘MM’ ಎಂದಿದ್ದರೆ ಮ್ಯೂಟ್ ಆಗಿದೆ ಎಂದರ್ಥ, ತೆಗೆಯಿರಿ ಎಂದ. ಇತ್ತು, ತೆಗೆದೆ. ಆದರೂ ಹಾಡು ಮೂಕ.

ಓದುವ ಕೆಲಸ ಮಾತ್ರ ನನಗೆ ಒಗ್ಗಿದೆ. ಇವಳು ಕೆಳಗೆ ಹೊಲಿಗೆ ಕೋಣೆಯಲ್ಲಿ ಚೀಟಿ ಬರೆಯುತ್ತಾಳೆ, ನಾನು ಹಿಂದೆ ನಿಂತು ಓದುತ್ತೇನೆ. ಗುಂಡಿಗೆ ಕಾಜಾ ಹಾಕುವವಳಿಗೆ ಬರೆದದ್ದು: “ಕಣ್ಣು ಎಲ್ಲಿಟ್ಟಿದ್ದೀಯ? ಗುಂಡಿ ಒಂದು ಊರಲ್ಲಿ, ಕಾಜಾ ಒಂದು ಊರಲ್ಲಿ. ಬಿಚ್ಚು.” ನಾನು ಓದಿದ್ದು: “ಕಾಜಾ ಸ್ವಲ್ಪ ನೋಡ್ಕೋಬೇಕಂತಮ್ಮ.” ಹೆಂಗಸರೆಲ್ಲ ನಗುನಗುತ್ತ ಕೆಲಸ ಮಾಡಿದರು. ಟೀಚರ್ ಈಚೆಗೆ ಎಷ್ಟು ಮೆತ್ತಗಾಗಿದ್ದಾರೆ ಎಂದು ಒಬ್ಬಳು ಹೇಳಿದಳು. ಇಲ್ಲಿ ಎಲ್ಲರೂ ಇವಳನ್ನು ಟೀಚರ್ ಎಂದೇ ಕರೆಯುವುದು, ಹೊಲಿಗೆ ಕಲಿಸಿದವಳಲ್ಲವೇ.

ಸ್ಕೇಲಿನ ಪೆಟ್ಟು ಇವತ್ತು ಮೂರು ನಾಲ್ಕು ಸಲ ಬಿತ್ತು. ಕೈಗೆ ನೋವಾಗುತ್ತದೆ, ಹೇಳಿದರೆ ಕೇಳುವುದಿಲ್ಲ.

ಮಾರ್ಚ್ ೧೦, ಸೋಮವಾರ

ಕಾಜಾದವಳ ಶರ್ಟುಗಳು ವಾಪಸು ಬಂದವು. ಒಂದರ ಗುಂಡಿಯೂ ಸರಿಯಾಗಿ ಕೂರುತ್ತಿಲ್ಲ. ನನ್ನ ಹತ್ತಿರ ಬಂದು, “ಟೀಚರ್ ಬೈದಿದ್ರೆ ಅವತ್ತೇ ಬಿಚ್ತಿದ್ದೆ ಅಣ್ಣ” ಎಂದು ಮುಖ ಸಣ್ಣದು ಮಾಡಿಕೊಂಡಳು. ಹಾಗೂ ಇರುತ್ತಾರೆ ಜನ, ಮೆತ್ತಗೆ ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮಧ್ಯಾಹ್ನ ಇವಳು ಕೆಳಗಿದ್ದಾಗ ಯಾಕೋ ಹೊಳೆದು ಮೊಬೈಲಿನ ಇಯರ್‌ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಹಾಡು ಸ್ಪಷ್ಟವಾಗಿ ಕೇಳಿಸಿತು. ಓದುವ ಪ್ರೋಗ್ರಾಮನ್ನೂ ಹಾಕಿ ನೋಡಿದೆ. ಓದುತ್ತದೆ. ಮೊದಲಿದ್ದದ್ದು ಹೆಣ್ಣಿನ ದನಿ. ಇದರದ್ದು ಗಂಡಸಿನ ದನಿ, ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದಂತೆ. ಆದರೆ ಅಕ್ಷರ ಬಿಡುವುದಿಲ್ಲ.

ಅಂದರೆ ಡ್ರೈವರ್ ಸರಿಯಾಗಿದೆ. ತಪ್ಪು ಡ್ರೈವರಿನದಲ್ಲ. ಧೂಳು ಊದಲು ವೈರು ಸರಿಸಿದ್ದೆನಲ್ಲ, ಆಗ ಸ್ಪೀಕರಿನ ವೈರಿನ ಬಿಳಿ ಪಿನ್ನನ್ನು ಕಿತ್ತವನು ನಾನೇ. ಮತ್ತೆ ಸಿಕ್ಕಿಸಿದ ನೆನಪಿಲ್ಲ. ಲಿನಕ್ಸನ್ನೂ ಕಂಪನಿಗಳನ್ನೂ ವಾರವಿಡೀ ಬೈದದ್ದು ದಂಡ. ಮುಚ್ಚಳ ಬಿಚ್ಚಿ ಪಿನ್ನು ಒತ್ತಿದರೆ ಮುಗಿಯಿತು, ಚಹಾ ಕುಡಿಯುವಷ್ಟರ ಕೆಲಸ.

ಇವತ್ತು ಬೇಡ, ಕಣ್ಣು ಸುಸ್ತಾಗಿದೆ. ನಾಳೆ ಮಾಡುತ್ತೇನೆ.

ಮಾರ್ಚ್ ೧೨, ಬುಧವಾರ

ನಿನ್ನೆ ಹೊರಗಿನ ಎರಡು ಯಂತ್ರ ರಿಪೇರಿಗೆ ಬಂದವು. ಇವತ್ತು ಸಣ್ಣ ಸ್ಕ್ರೂಡ್ರೈವರ್ ಎಲ್ಲಿಟ್ಟೆನೋ ಸಿಗಲಿಲ್ಲ. ಹುಡುಕಿದರೆ ಸಿಗುತ್ತದೆ. ನಾಳೆಯ ಫೋನು ಮುಗಿಯಲಿ, ಆಮೇಲೆ ನಿಧಾನವಾಗಿ ಕೂತು ಮಾಡಿದರಾಯಿತು. ಅವಸರದಲ್ಲಿ ಅಂಥ ನಾಜೂಕಿನ ಕೆಲಸ ಮಾಡಬಾರದು.

ಲ್ಯಾಪ್‌ಟಾಪು ಏನಾಯಿತು ಎಂದು ಚೀಟಿ ಬಂತು. ಆಗ್ತಾ ಇದೆ ಎಂದೆ.

ಮಾರ್ಚ್ ೧೩, ಗುರುವಾರ

ಹೇಳಿಬಿಟ್ಟೆ.

ಡಾಕ್ಟರಮ್ಮ ಕೇಳಿದರು, ಅಮ್ಮ ಏನು ತೀರ್ಮಾನ ಮಾಡಿದರು ಎಂದು. ಚೀಟಿ ಮೊದಲೇ ಬರೆದು ನನ್ನ ಮುಂದೆ ಇಟ್ಟಿದ್ದಳು, ದಪ್ಪ ಅಕ್ಷರದಲ್ಲಿ, ಒಂದೇ ಪದ. ನಾನು ಅದನ್ನು ನೋಡುತ್ತಲೇ “ಒಪ್ಪಿದ್ದಾಳೆ ಮೇಡಂ” ಎಂದೆ. ನನ್ನ ದನಿ ಗಟ್ಟಿಯಾಗಿಯೇ ಬಂತು. ಸ್ಕೇಲು ಬಿತ್ತು, ಮತ್ತೆ ಬಿತ್ತು, ನಿಲ್ಲಲೇ ಇಲ್ಲ. ಅದೇನು ಸದ್ದು ಎಂದು ಕೇಳಿದರು. ಕೆಳಗೆ ಹೊಲಿಗೆ ಕೋಣೆ ಇದೆಯಲ್ಲ, ಅಲ್ಲಿನದು ಎಂದೆ. ಮೂವತ್ತೊಂದನೇ ತಾರೀಖು ಸೋಮವಾರಕ್ಕೆ ಹಾಸಿಗೆ ಕಾದಿರಿಸುತ್ತಾರಂತೆ.

ಫೋನಿಡುವ ಹೊತ್ತಿಗೆ ಅವಳು ಹೊಡೆಯುವುದನ್ನು ನಿಲ್ಲಿಸಿದ್ದಳು. ಸ್ಕೇಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೆಳಗೆ ಹೋದಳು.

ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಇವಳಿಲ್ಲದ ಈ ಮನೆಯನ್ನು ನೆನೆಸಿಕೊಳ್ಳಲಾರೆ. ಕೆಳಗೆ ಯಂತ್ರಗಳ ಸದ್ದಿಲ್ಲ, ಮೇಲೆ ಇವಳ ಕೊಂಕಿಲ್ಲ, ನಾನೊಬ್ಬ ಎದ್ದು ಒಬ್ಬನೇ ಚಹಾ ಕುಡಿಯಬೇಕು. ನನಗೆ ಭಯ. ಸ್ವಲ್ಪ ಕಾಲ ಎಂದರು ಡಾಕ್ಟರಮ್ಮ. ಆ ಸ್ವಲ್ಪ ಕಾಲ ನನಗೆ ಬೇಕು.

ಮಾರ್ಚ್ ೧೪, ಶುಕ್ರವಾರ

ಇವತ್ತು ಚೀಟಿ ಬರಲಿಲ್ಲ.

ಮಾರ್ಚ್ ೧೬, ಭಾನುವಾರ

ಇವತ್ತೂ ಇಲ್ಲ. ಕೋಪ ಇಳಿದಿರಬೇಕು, ತಕರಾರಿಲ್ಲ. ಊಟ ಹೇಗಿದೆ ಎಂದು ಕೇಳಿದೆ. ತಟ್ಟೆ ತೊಳೆದಿಟ್ಟು ಹೋದಳು.

ಮಾರ್ಚ್ ೧೮, ಮಂಗಳವಾರ

ಕೆಳಗಿನವರಿಗೂ ಬರೆಯುವುದಿಲ್ಲ. ತಪ್ಪು ಹೊಲಿದದ್ದನ್ನು ಕೈಗೆತ್ತಿಕೊಂಡು ತಾನೇ ಬಿಚ್ಚಿ ತಾನೇ ಹೊಲಿಯುತ್ತಾಳೆ. ಹೆಂಗಸರು ನನ್ನ ಮುಖ ನೋಡುತ್ತಾರೆ. ಓದಲು ಏನೂ ಇಲ್ಲದೆ ಸ್ವಲ್ಪ ಹೊತ್ತು ನಿಂತಿದ್ದು ಮೇಲೆ ಬಂದೆ.

ಮಾರ್ಚ್ ೨೦, ಗುರುವಾರ

ಡಾಕ್ಟರಮ್ಮ ರಜೆ. ಆಸ್ಪತ್ರೆಯ ಗುಮಾಸ್ತ ಮಾತಾಡಿದ, ಹಾಸಿಗೆ ಖಾತ್ರಿಯಾಗಿದೆ, ಏನೇನು ತರಬೇಕು ಎಂದು ಹೇಳಿದ. ಇವಳು ಅದೇ ಕೋಣೆಯಲ್ಲಿ ಕೂತು ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಸ್ಕೇಲು ಕೈಗೆ ಸಿಗುವಷ್ಟರಲ್ಲೇ ಇತ್ತು. ಮುಟ್ಟಲಿಲ್ಲ.

ಅವಳು ಮುಟ್ಟಲಿ ಎಂದು ಕಾಯುತ್ತಿದ್ದೆ. ಯಾಕೆಂದು ನನಗೇ ತಿಳಿಯದು.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆಯಿಂದ ನಾನೇ ಮಾತಾಡುತ್ತಿದ್ದೇನೆ. ಹಾಲು ಉಕ್ಕಿತು ಎಂದೆ, ಓಣಿಯಲ್ಲಿ ಮತ್ತೆ ಅಗೆಯುತ್ತಿದ್ದಾರೆ ಎಂದೆ, ಯಾರದೋ ಯಂತ್ರದ ಬೆಲ್ಟು ಹರಿದದ್ದನ್ನು ಊರುದ್ದ ಮಾಡಿ ಹೇಳಿದೆ. ತಲೆ ಎತ್ತಲಿಲ್ಲ. ಮಧ್ಯಾಹ್ನ ರೇಗಿಹೋಗಿ, “ಬೈಯೋದಾದ್ರೂ ಬೈಯೇ” ಎಂದು ಕೂಗಿದೆ. ಕಾಗದ, ಪೆನ್ಸಿಲು ತಂದು ಮುಂದೆ ಇಟ್ಟೆ. ಅವಳು ಕಾಗದವನ್ನು ನೀಟಾಗಿ ಮಡಿಸಿ, ಅದರ ಮೇಲೆ ಪೆನ್ಸಿಲಿಟ್ಟು, ನನ್ನ ಕಡೆಗೇ ಸರಿಸಿದಳು. ಕೋಪವೂ ಇರಲಿಲ್ಲ ಮುಖದಲ್ಲಿ. ಅಂಗಡಿಯ ಬಾಗಿಲಲ್ಲಿ ತಪ್ಪಿ ಬಂದ ಗಿರಾಕಿಯನ್ನು ನೋಡುವಂತೆ ನೋಡಿದಳು.

ಆಪರೇಷನ್ ಆದಾಗಲೂ ಮನೆ ಹೀಗಿರಲಿಲ್ಲ. ಇವಳು ಆಗಲೂ ಕೈಯಲ್ಲಿ, ಕಣ್ಣಲ್ಲಿ, ಪಾತ್ರೆ ಕುಕ್ಕುವುದರಲ್ಲಿ ಮಾತಾಡುತ್ತಲೇ ಇದ್ದಳು. ಮೂವತ್ತೊಂದಕ್ಕೆ ಇವಳನ್ನು ಗಾಡಿ ಹತ್ತಿಸಿದರೂ ಹೀಗೇ ಹತ್ತುತ್ತಾಳೆ. ಅಲ್ಲಿ ಹಾಸಿಗೆಯ ಮೇಲೂ ಹೀಗೇ ಮಲಗಿರುತ್ತಾಳೆ. ಆ ಸ್ವಲ್ಪ ಕಾಲ ನನಗೆ ಸಿಗುವುದು ಹೀಗೆ.

ಮಾರ್ಚ್ ೨೪, ಸೋಮವಾರ

ಸ್ಕ್ರೂಡ್ರೈವರ್ ಅದರ ಡಬ್ಬಿಯಲ್ಲೇ ಇತ್ತು.

ಊಟವಾದ ಮೇಲೆ ಅವಳ ಎದುರಿಗೇ ಲ್ಯಾಪ್‌ಟಾಪನ್ನು ಮಗುಚಿಟ್ಟು ಮುಚ್ಚಳ ಬಿಚ್ಚಿದೆ. ಬಿಳಿ ಪಿನ್ನು ಅದರ ಗೂಡಿನ ಪಕ್ಕದಲ್ಲೇ ಬಿದ್ದಿತ್ತು, ಒತ್ತಿದಾಗ ಟಿಕ್ ಎಂದು ಕೂತಿತು. ಮುಚ್ಚಿ, ಹಚ್ಚಿ, ಓದುವ ಪ್ರೋಗ್ರಾಮ್ ತೆರೆದು ಅವಳ ಮುಂದಿಟ್ಟೆ. ಅವಳು ಕುರ್ಚಿ ಮುಂದಕ್ಕೆಳೆದುಕೊಂಡು ಟೈಪು ಮಾಡಿದಳು.

“ಯಾವಾಗಿಂದ ಗೊತ್ತಿತ್ತು?” ಎಂದು ಗಂಡಸಿನ ದನಿಯಲ್ಲಿ ಯಂತ್ರ ಕೇಳಿತು.

ಸುಳ್ಳು ಬಾಯಿಗೆ ಬಂದಿತ್ತು. “ಒಪ್ಪಿದ್ದಾಳೆ ಅಂತ ಹೇಳಿದ್ನಲ್ಲ, ಅದಕ್ಕೂ ಮೊದಲಿಂದ” ಎಂದೆ.

ಅವಳು ತಲೆಯಾಡಿಸಿದಳು, ಗೊತ್ತಿದ್ದದ್ದೇ ಎನ್ನುವಂತೆ. ಮತ್ತೆ ಟೈಪು ಮಾಡಿದಳು. ಕಾಜಾದವಳ ಕೈಲಿ ಆಸ್ಪತ್ರೆಗೆ ಫೋನು ಮಾಡಿಸಬಹುದಿತ್ತಂತೆ. ತನ್ನ ಗಂಡ ಸುಳ್ಳು ಹೇಳಿದ ಎನ್ನುವ ಮಾತು ಹೊರಗಿನವಳ ಬಾಯಲ್ಲಿ ಬರುವುದು ಬೇಡವಾಗಿತ್ತಂತೆ. ನೀವೇ ಸರಿ ಮಾಡ್ತೀರೋ ಇಲ್ಲವೋ ನೋಡೋಣ ಎಂದು ಕೂತಿದ್ದಳಂತೆ. ಯಂತ್ರ ಇದನ್ನೆಲ್ಲ ಏರಿಳಿತವಿಲ್ಲದೆ ಓದಿತು. ಕೂಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

“ನೀನು ಇರ್ಬೇಕು ಕಣೇ. ನನಗೆ ಬೇರೇನೂ ಗೊತ್ತಿಲ್ಲ” ಎಂದೆ.

ಅವಳು ಮತ್ತೆ ಕೀಲಿಗಳನ್ನು ಒತ್ತಿದಳು.

“ಅದನ್ನ ನಿಮ್ಮ ಮಾತಾಗಿ ಹೇಳಿ, ಕೇಳ್ತೀನಿ. ನನ್ನ ಮಾತು ಅಂತ ಹೇಳ್ಬೇಡಿ.”

ನಾನು ಅತ್ತೆ. ಅವಳು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಹೆಣ್ಣಿನ ದನಿ ಹುಡುಕಿ ಹಾಕಿಕೊಡಲಾ ಎಂದು ಕೇಳಿದೆ. ಇದೇ ಇರಲಿ, ಕೆಳಗಿನವರು ಹೆದರುತ್ತಾರೆ ಎಂದು ಬರೆದಳು.

ಮಾರ್ಚ್ ೨೭, ಗುರುವಾರ

ಫೋನಿನ ಸ್ಪೀಕರ್ ಹಾಕಿ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ನಾನು ಗೋಡೆ ಬದಿಯ ಕುರ್ಚಿಗೆ ಹೋಗಿ ಕೂತೆ. ಡಾಕ್ಟರಮ್ಮ ಸೋಮವಾರದ ಏರ್ಪಾಡು ಹೇಳತೊಡಗಿದ್ದರು. ಯಂತ್ರ ನಡುವೆ ಬಾಯಿ ಹಾಕಿತು.

“ನಾನು ಬರೋದಿಲ್ಲ ಡಾಕ್ಟ್ರೇ.”

ಗಂಡಸಿನ ದನಿ ಕೇಳಿ ಅವರು ನಾನೇ ಎಂದುಕೊಂಡರು. ನೀವಲ್ಲ ಯಜಮಾನ್ರೇ, ಅಮ್ಮ ಏನಂತಾರೆ ಕೇಳಿ ಎಂದರು.

“ನಾನೇ ಮಾತಾಡ್ತಿರೋದು.”

ಇವಳು ನಿಧಾನವಾಗಿ ಟೈಪು ಮಾಡುತ್ತ ಹೋದಳು, ಯಂತ್ರ ಓದುತ್ತ ಹೋಯಿತು. ಹೋದ ಸಲ ಔಷಧಿ ಮುಗಿದ ಮೇಲೂ ಬೆರಳ ತುದಿಗೆ ಸೂಜಿ ಗೊತ್ತಾಗುತ್ತಿರಲಿಲ್ಲವಂತೆ, ಚುಚ್ಚಿದ್ದು ಬಟ್ಟೆಯ ಮೇಲೆ ರಕ್ತ ನೋಡಿದಾಗಲೇ ತಿಳಿಯುತ್ತಿದ್ದದ್ದಂತೆ. ಒಂದು ಬಿಳಿ ಅಂಗಿ ಹಾಗೆ ಹಾಳಾದದ್ದನ್ನು ನನಗೆ ತೋರಿಸದೆ ಒಲೆಗೆ ಹಾಕಿದಳಂತೆ. ಈಗ ಬೆರಳಿಗೆ ಜೀವ ಬಂದಿದೆ, ಸಿಗುವ ದಿನ ಕಡಿಮೆಯಾದರೂ ಬೆರಳು ಬೇಕು, ನೋವಿಗೆ ಮಾತ್ರ ಔಷಧಿ ಕೊಡಿ ಎಂದಳು. ಒಂದೇ ಮನೆಯಲ್ಲಿದ್ದುಕೊಂಡು ಇದರಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಸಮಾಧಾನವಾಗಿ ಎಲ್ಲ ಕೇಳಿದರು. ಆಮೇಲೆ, ಹಿಂದಿನ ಸಲ ಒಪ್ಪಿದ್ದೀರಿ ಅಂತ ಹೇಳಿದ್ದರಲ್ಲಮ್ಮ ಎಂದರು. ಅವಳು ನನ್ನ ಕಡೆ ನೋಡಲಿಲ್ಲ.

“ಆಗ ನನಗೆ ದನಿ ಇರ್ಲಿಲ್ಲ” ಎಂದಿತು ಯಂತ್ರ.

ಹಾಸಿಗೆ ಬಿಟ್ಟುಕೊಡುತ್ತೇನೆ, ನೋವಿನ ಔಷಧಿ ಬರೆದು ಕಳಿಸುತ್ತೇನೆ, ಮನಸ್ಸು ಬದಲಾದರೆ ಯಾವತ್ತಾದರೂ ಹೇಳಿ ಎಂದರು. ಒಂದು ಮಾತು, ಯಜಮಾನರಿಗೂ ಇದಕ್ಕೆ ಒಪ್ಪಿಗೆಯೇ ಎಂದು ಕೇಳಿದರು. ನಾನು ಬಾಯಿ ತೆರೆದೆ. ಇಷ್ಟು ದಿನ ಅವಳ ಪರವಾಗಿ ಸಲೀಸಾಗಿ ಆಡಿದ ಬಾಯಿಗೆ ನನ್ನದೇ ಮಾತು ಹೊರಡಲಿಲ್ಲ. ಇವಳು ನನ್ನನ್ನು ನೋಡಿ, ಮತ್ತೆ ಕೀಲಿಗಳ ಕಡೆ ತಿರುಗಿದಳು.

“ಅವರು ಒಪ್ಪಿಲ್ಲ. ಅವರಿಗೆ ಭಯ. ಆದ್ರೂ ನನ್ನ ಜೊತೆ ಇರ್ತಾರೆ.”

“ಹೌದಾ ಯಜಮಾನ್ರೇ?” ಎಂದರು ಡಾಕ್ಟರಮ್ಮ.

ನಾನು ಎದ್ದು ಫೋನಿನ ಹತ್ತಿರ ಹೋಗಿ, ಹೌದು ಎಂದೆ.